ಅನುಭೋಗಿಯ ಭರವಸೆಯನ್ನು ಅಳೆಯುವ ಬಗೆ

ಒಂದು ಮನೆಯಲ್ಲಿ ತಿಂಗಳಿಗೆ ಎಷ್ಟು ಅಕ್ಕಿ ಬೇಯುತ್ತದೆ, ಎಷ್ಟು ಎಣ್ಣೆ ಮುಗಿಯುತ್ತದೆ, ಮಕ್ಕಳ ಓದಿಗೂ ಮುದುಕರ ಔಷಧಕ್ಕೂ ಎಷ್ಟು ರೂಪಾಯಿ ಸಲ್ಲುತ್ತದೆ ಎಂಬುದನ್ನು ತಿಳಿಯಬೇಕಾದರೆ ಆ ಮನೆಯ ಲೆಕ್ಕದ ಪುಸ್ತಕವನ್ನು ನೋಡಬಹುದು. ಪುಸ್ತಕವಿಲ್ಲದಿದ್ದರೆ ಗೃಹಿಣಿಯನ್ನು ಕೇಳಿ ಬರೆದುಕೊಳ್ಳಬಹುದು. ಆದರೆ ಬರುವ ಯುಗಾದಿಯ ಹೊತ್ತಿಗೆ ಆ ಮನೆಯವರು ಹೊಸದೊಂದು ಬೀರುವನ್ನು ಕೊಳ್ಳುವರೋ, ಅಥವಾ ಕೈಯಲ್ಲಿ ಹಣವಿದ್ದೂ "ಈಗ ಬೇಡ, ಮುಂದೆ ನೋಡೋಣ" ಎಂದು ಸುಮ್ಮನಾಗುವರೋ ಎಂಬುದು ಯಾವ ಪುಸ್ತಕದಲ್ಲಿಯೂ ಬರೆದಿರುವುದಿಲ್ಲ. ಒಂದು ಮನೆಯವರು ಹೀಗೆ ಸುಮ್ಮನಾದರೆ ಲೋಕಕ್ಕೆ ನಷ್ಟವೇನೂ ಇಲ್ಲ. ಲಕ್ಷಾಂತರ ಮನೆಗಳವರು ಒಂದೇ ವರ್ಷದಲ್ಲಿ ಹಾಗೆ ನಿಶ್ಚಯಿಸಿದರೆ ಬಡಗಿಗೆ ಕೆಲಸವಿಲ್ಲ, ಕಾರ್ಖಾನೆಯ ಚಕ್ರ ನಿಲ್ಲುತ್ತದೆ, ಅಲ್ಲಿ ದುಡಿಯುತ್ತಿದ್ದವರು ಮನೆಗೆ ಮರಳುತ್ತಾರೆ. ಆದುದರಿಂದಲೇ ಕಳೆದ ಶತಮಾನದ ನಡುಗಾಲದಿಂದೀಚೆಗೆ ಅರ್ಥಶಾಸ್ತ್ರಜ್ಞರು ಮನೆಮನೆಯ ಬಾಗಿಲಿಗೆ ಹೋಗಿ, ಖರ್ಚಿನ ಲೆಕ್ಕದ ಜೊತೆಗೆ ಮನಸ್ಸಿನ ಲೆಕ್ಕವನ್ನೂ ಕೇಳತೊಡಗಿದರು.

ಮೊದಲು ಪದಗಳ ವಿಚಾರ. ಇಂಗ್ಲಿಷಿನಲ್ಲಿ ‘ಕನ್ಸ್ಯೂಮರ್’ ಎನ್ನುವವನನ್ನು ನಮ್ಮ ಅರ್ಥಶಾಸ್ತ್ರದ ಪಠ್ಯಗಳು ‘ಅನುಭೋಗಿ’ ಎಂದೂ ಪತ್ರಿಕೆಗಳು ‘ಗ್ರಾಹಕ’ ಅಥವಾ ‘ಬಳಕೆದಾರ’ ಎಂದೂ ಕರೆಯುತ್ತವೆ. ಗ್ರಾಹಕನೆಂದರೆ ತೆಗೆದುಕೊಳ್ಳುವವನು, ಅನುಭೋಗಿಯೆಂದರೆ ತೆಗೆದುಕೊಂಡುದನ್ನು ಅನುಭವಿಸುವವನು. ಪ್ರಕೃತ ಸಮೀಕ್ಷೆಗಳು ಅರಸುವ ಮನುಷ್ಯನಾದರೋ ಇನ್ನೂ ತೆಗೆದುಕೊಳ್ಳದೆ, ತೆಗೆದುಕೊಳ್ಳಬೇಕೆ ಬೇಡವೆ ಎಂದು ಅಂಗಡಿಯ ಮುಂದೆ ನಿಂತಿರುವವನು. ‘ಕಾನ್ಫಿಡೆನ್ಸ್’ ಎಂಬುದಕ್ಕೂ ಹೀಗೆಯೇ ಮೂರು ಪದಗಳಿವೆ. ‘ವಿಶ್ವಾಸ’ದಲ್ಲಿ ಕನ್ನಡದ ಮಟ್ಟಿಗೆ ಪ್ರೀತಿಯ ಅರ್ಥವೂ ಬೆರೆತಿದೆ; ‘ನಂಬಿಕೆ’ ಇರುವುದನ್ನು ಕುರಿತದ್ದು; ಬರಲಿರುವುದನ್ನು ಕುರಿತು ಮನಸ್ಸು ಊರುವ ಊರುಗೋಲು ‘ಭರವಸೆ’. ಇಲ್ಲಿ ಆ ಮೂರನೆಯ ಪದವೇ ಸಲ್ಲುವಂತೆ ತೋರುತ್ತದೆ.

ಖರ್ಚಿನ ಲೆಕ್ಕವನ್ನು ಕೇಳುವ ಪದ್ಧತಿ ನಮ್ಮ ದೇಶಕ್ಕೆ ಹೊಸದಲ್ಲ. ಕಲ್ಕತ್ತೆಯಲ್ಲಿ 1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದ ಪ್ರಶಾಂತಚಂದ್ರ ಮಹಾಲನೋಬಿಸ್ ಅವರ ಮಾರ್ಗದರ್ಶನದಲ್ಲಿ 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆಯು ಪ್ರಾರಂಭವಾಯಿತು. ದೇಶದ ಎಲ್ಲ ಮನೆಗಳನ್ನೂ ಸುತ್ತದೆ, ಕ್ರಮವರಿತು ಆರಿಸಿದ ಕೆಲವು ಸಾವಿರ ಮನೆಗಳಿಂದ ಇಡೀ ದೇಶದ ಉಣಿಸು ತೊಡಿಸುಗಳನ್ನು ಊಹಿಸಬಹುದೆಂಬುದನ್ನು ಅದು ತೋರಿಸಿಕೊಟ್ಟಿತು. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳನ್ನು ಹಿಸುಕಿದರೆ ಸಾಕೆಂಬುದು ನಮ್ಮ ತಾಯಂದಿರು ಬಲ್ಲ ನ್ಯಾಯವೇ. ಆದರೆ ಅವರು ಸೌಟಿನಿಂದ ಪಾತ್ರೆಯನ್ನು ಕಲಕಿದ ಮೇಲೆಯೇ ಅಗುಳನ್ನು ತೆಗೆಯುತ್ತಾರೆ. ಮೇಲಿನದನ್ನಷ್ಟೇ ತೆಗೆದರೆ ಮೋಸವಾದೀತು. ಮಾದರಿಯನ್ನು ಆರಿಸುವ ಶಾಸ್ತ್ರವೆಲ್ಲ ಆ ಕಲಕುವ ಕ್ರಮದಲ್ಲಿದೆ.

ಮನಸ್ಸಿನ ಲೆಕ್ಕವನ್ನು ಕೇಳುವ ವಿದ್ಯೆಗೆ ಮೂಲಪುರುಷರು ಜಾರ್ಜ್ ಕಟೋನಾ. ಅವರು 1901ರಲ್ಲಿ ಹಂಗೆರಿಯ ಬುಡಾಪೆಸ್ಟಿನಲ್ಲಿ ಹುಟ್ಟಿ, ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರವನ್ನು ಅಭ್ಯಾಸಮಾಡಿ 1921ರಲ್ಲಿ ಡಾಕ್ಟರೇಟ್ ಪಡೆದರು. 1923ರ ಜರ್ಮನಿಯಲ್ಲಿ ಹಣದುಬ್ಬರವು ಹುಚ್ಚುಹೊಳೆಯಾಗಿ ಹರಿದಾಗ, ಬೆಳಗಿನ ಕೂಲಿಗೆ ಸಂಜೆಯ ರೊಟ್ಟಿ ದೊರೆಯದಂತಾದುದನ್ನು ಅವರ ಪೀಳಿಗೆಯವರು ಕಣ್ಣಾರೆ ಕಂಡರು. ಬೆಲೆಗಳ ಏರಿಳಿತಗಳಲ್ಲಿ ಜನರ ಭಯಕ್ಕೂ ಆಸೆಗೂ ಪಾಲುಂಟೆಂಬ ವಿಚಾರ ಅವರಲ್ಲಿ ಬೇರೂರಿದುದು ಸಹಜವಾಗಿಯೇ ಇದೆ. 1933ರಲ್ಲಿ ಅವರು ಜರ್ಮನಿಯನ್ನು ಬಿಟ್ಟು ಅಮೆರಿಕಕ್ಕೆ ಹೋದರು.

ಎರಡನೆಯ ಮಹಾಯುದ್ಧವು ಮುಗಿಯುವ ಹೊತ್ತಿಗೆ ಅಮೆರಿಕದ ಬಹುಮಂದಿ ಅರ್ಥಶಾಸ್ತ್ರಜ್ಞರಿಗೆ ಒಂದೇ ಅಂಜಿಕೆ. ಸೈನಿಕರು ಮನೆಗೆ ಮರಳುತ್ತಾರೆ, ಮದ್ದುಗುಂಡುಗಳ ಕಾರ್ಖಾನೆಗಳು ಮುಚ್ಚುತ್ತವೆ. 1930ರ ದಶಕದ ಮಹಾ ಮುಗ್ಗಟ್ಟು ಮತ್ತೊಮ್ಮೆ ಬಾಗಿಲಿಗೆ ಬರುತ್ತದೆ ಎಂದು ಅವರು ಭಾವಿಸಿದ್ದರು. ಯುದ್ಧಕಾಲದಲ್ಲಿ ಜನರು ಕೂಡಿಟ್ಟ ಸಾಲಪತ್ರಗಳನ್ನೂ ಠೇವಣಿಗಳನ್ನೂ ಏನು ಮಾಡುವರೆಂಬುದನ್ನು ತಿಳಿಯಲು ಅಲ್ಲಿಯ ಫೆಡರಲ್ ರಿಸರ್ವ್ ಬ್ಯಾಂಕು ಒಂದು ಸಮೀಕ್ಷೆಯನ್ನು ಬಯಸಿತು. ಆ ಕೆಲಸ ಕಟೋನಾ ಅವರ ಪಾಲಿಗೆ ಬಂದಿತು. ಬ್ಯಾಂಕಿನವರಿಗೆ ಬೇಕಾದುದು ಅಂಕಿ ಮಾತ್ರ: ಯಾರ ಬಳಿ ಎಷ್ಟು ಹಣವಿದೆ ಎಂಬುದು. ಆದರೆ ಅಪರಿಚಿತನೊಬ್ಬನು ಬಾಗಿಲು ತಟ್ಟಿ, ಒಳಗೆ ಕುಳಿತೊಡನೆಯೇ "ನಿಮ್ಮ ಬಳಿ ಎಷ್ಟು ಹಣವಿದೆ, ಎಲ್ಲಿ ಇಟ್ಟಿದ್ದೀರಿ?" ಎಂದು ಕೇಳಿದರೆ ಯಾವ ಗೃಹಸ್ಥನು ಉತ್ತರ ಕೊಟ್ಟಾನು? ಮೊದಲು ಕುಶಲಪ್ರಶ್ನೆ, ಆಮೇಲೆ ವ್ಯವಹಾರ ಎಂಬ ಲೋಕಾರೂಢಿಯನ್ನೇ ಕಟೋನಾ ಹಿಡಿದರು. ಹೋದ ವರ್ಷಕ್ಕಿಂತ ಈ ವರ್ಷ ಹೇಗಿದ್ದೀರಿ, ಮುಂದೆ ಹೇಗಾದೀತೆಂದು ತೋರುತ್ತದೆ ಎಂಬ ಮಾತುಗಳನ್ನು ಅವರು ಪ್ರಶ್ನಾವಳಿಯ ಮೊದಲಿಗೆ ಸೇರಿಸಿದರು. ಪೀಠಿಕೆಯಾಗಿ ಬಂದ ಆ ಪ್ರಶ್ನೆಗಳೇ ಮುಂದೆ ಗ್ರಂಥದ ಮುಖ್ಯ ಅಧ್ಯಾಯವಾದುದು ಈ ಶಾಸ್ತ್ರದ ಇತಿಹಾಸದಲ್ಲಿನ ಸೋಜಿಗ.

1946ರ ಆ ಸಮೀಕ್ಷೆಯಲ್ಲಿ ಜನರು ಕೊಟ್ಟ ಉತ್ತರಗಳಲ್ಲಿ ಮುಗ್ಗಟ್ಟಿನ ಛಾಯೆ ಇರಲಿಲ್ಲ. ಮನೆ, ಕಾರು, ಗೃಹೋಪಕರಣಗಳನ್ನು ಕೊಳ್ಳಬೇಕೆಂದಿದ್ದೇವೆ ಎಂದರು. ಕೂಡಿಟ್ಟ ಸಾಲಪತ್ರಗಳನ್ನು ಮುರಿಸದೆ ದುಡಿಮೆಯ ಹಣದಿಂದಲೇ ಬಹುಪಾಲು ಕೊಳ್ಳುವೆವೆಂದರು. ಪಂಡಿತರು ಭಯಪಟ್ಟ ಮುಗ್ಗಟ್ಟು ಬರಲಿಲ್ಲ. ಅದೇ ವರ್ಷ ಕಟೋನಾ ಮತ್ತು ಅವರ ಸಂಗಡಿಗರು ಆನ್ ಆರ್ಬರ್ ನಗರದ ಮಿಶಿಗನ್ ವಿಶ್ವವಿದ್ಯಾನಿಲಯಕ್ಕೆ ಬಂದು ಅಲ್ಲಿ ಸಮೀಕ್ಷಾ ಸಂಶೋಧನ ಕೇಂದ್ರವನ್ನು ಕಟ್ಟಿದರು.

ಕಟೋನಾ ಅವರ ಸಿದ್ಧಾಂತವನ್ನು ಎರಡು ಮಾತಿನಲ್ಲಿ ಹೇಳಬಹುದು: ಕೊಳ್ಳುವ ಶಕ್ತಿ ಬೇರೆ, ಕೊಳ್ಳುವ ಮನಸ್ಸು ಬೇರೆ. ಆದಾಯವೂ ಉಳಿತಾಯವೂ ಶಕ್ತಿಯನ್ನು ಕೊಡುತ್ತವೆ. ಮನಸ್ಸನ್ನು ಅವು ಕೊಡಲಾರವು. ಅಕ್ಕಿಯನ್ನು ಕೊಳ್ಳಲು ಮನಸ್ಸಿನ ಅಪ್ಪಣೆ ಬೇಕಿಲ್ಲ. ಹಸಿವೇ ಅಪ್ಪಣೆ ಕೊಡುತ್ತದೆ. ಶೀತಕ ಪೆಟ್ಟಿಗೆಯನ್ನು ಈ ವರ್ಷ ಬಿಟ್ಟು ಬರುವ ವರ್ಷ ಕೊಂಡರೂ ಸಂಸಾರ ನಡೆಯುತ್ತದೆ. ಹೀಗೆ ಮುಂದೂಡಲು ಬರುವ ಖರ್ಚು ಒಂದು ದೇಶದಲ್ಲಿ ಹೆಚ್ಚಿದಷ್ಟೂ ಆ ದೇಶದ ಆರ್ಥಿಕ ಸ್ಥಿತಿಯು ಜನರ ಮನಸ್ಸಿನ ಕೈಗೆ ಹೋಗುತ್ತದೆ. ಶತಮಾನಗಳಿಂದ ಅರ್ಥಶಾಸ್ತ್ರವು ಬೆಲೆಯನ್ನೂ ಆದಾಯವನ್ನೂ ಹಿಡಿದು ಮನುಷ್ಯನನ್ನು ಲೆಕ್ಕ ಹಾಕುತ್ತ ಬಂದಿತ್ತು. ಮನುಷ್ಯನನ್ನೇ ಕೇಳೋಣ ಎಂಬ ಈ ಸರಳ ಮಾತಿಗೆ ಇಷ್ಟು ಕಾಲ ಹಿಡಿದುದು ಆಶ್ಚರ್ಯವೇ ಸರಿ.

ಮಿಶಿಗನ್ನಿನ ಸೂಚ್ಯಂಕವು 1950ರ ದಶಕದ ಮೊದಲಲ್ಲಿ ಐದು ಪ್ರಶ್ನೆಗಳ ಮೇಲೆ ನಿಂತಿತು. ಇಂದಿಗೂ ಅದೇ ಐದು. ಅವುಗಳ ಭಾವವನ್ನು ಕನ್ನಡದಲ್ಲಿ ಹೀಗೆ ಹೇಳಬಹುದು. ನಿಮ್ಮ ಕುಟುಂಬದ ಹಣಕಾಸಿನ ಸ್ಥಿತಿ ಹೋದ ವರ್ಷಕ್ಕಿಂತ ಈಗ ಉತ್ತಮವೋ ಹೀನವೋ? ಇನ್ನೊಂದು ವರ್ಷಕ್ಕೆ ಅದು ಉತ್ತಮವಾದೀತೋ, ಹೀನವಾದೀತೋ, ಹೀಗೆಯೇ ಇದ್ದೀತೋ? ಮುಂದಿನ ಹನ್ನೆರಡು ತಿಂಗಳು ದೇಶದ ವ್ಯಾಪಾರ ವ್ಯವಹಾರಗಳಿಗೆ ಒಳ್ಳೆಯ ಕಾಲವೋ ಕೆಟ್ಟ ಕಾಲವೋ? ಮುಂದಿನ ಐದು ವರ್ಷಗಳಲ್ಲಿ ದೇಶವು ಒಂದೇ ಸಮನೆ ಸುಭಿಕ್ಷವಾಗಿದ್ದೀತೋ, ನಿರುದ್ಯೋಗ ಮುಗ್ಗಟ್ಟುಗಳು ತಲೆದೋರಿಯಾವೋ? ಮನೆಗೆ ಬೇಕಾದ ದೊಡ್ಡ ವಸ್ತುಗಳನ್ನು ಕೊಳ್ಳಲು ಇದು ತಕ್ಕ ಸಮಯವೋ ಅಲ್ಲವೋ? ಇವುಗಳಲ್ಲಿ ಎರಡು ಸ್ವಂತ ಮನೆಯನ್ನು ಕುರಿತವು, ಎರಡು ದೇಶವನ್ನು ಕುರಿತವು, ಒಂದು ಅಂಗಡಿಯನ್ನು ಕುರಿತದ್ದು. ಭೂತ, ವರ್ತಮಾನ, ಭವಿಷ್ಯತ್ತು ಮೂರೂ ಬಂದಿವೆ. ಎಲ್ಲಿಯೂ ರೂಪಾಯಿ ಡಾಲರುಗಳ ಮಾತೇ ಇಲ್ಲವೆಂಬುದನ್ನು ಗಮನಿಸಬೇಕು.

ಉತ್ತರಗಳಿಂದ ಅಂಕಿಯನ್ನು ಪಡೆಯುವ ಕ್ರಮ ಪ್ರೌಢಶಾಲೆಯ ಬಾಲಕನಿಗೂ ತಿಳಿಯುವಂಥದು. ನೂರು ಮನೆಗಳನ್ನು ಕೇಳಿದಾಗ 38 ಮನೆಗಳವರು ಉತ್ತಮವೆಂದರು, 35 ಮನೆಗಳವರು ಹೀನವೆಂದರು, ಉಳಿದ 27 ಮನೆಗಳವರು ಹೋದ ವರ್ಷದಂತೆಯೇ ಎಂದರು ಎಂದು ಭಾವಿಸೋಣ. 38ರಿಂದ 35ನ್ನು ಕಳೆದರೆ 3. ಅದಕ್ಕೆ ನೂರನ್ನು ಕೂಡಿಸಿದರೆ 103. ನೂರನ್ನು ಕೂಡಿಸುವುದು ಋಣಸಂಖ್ಯೆ ಬಾರದಿರಲೆಂದು ಮಾತ್ರ. ಐದು ಪ್ರಶ್ನೆಗಳಿಗೂ ಹೀಗೆ ಬಂದ ಅಂಕಿಗಳನ್ನು ಕೂಡಿಸಿ, 1966ನೆಯ ವರ್ಷವನ್ನು ಮೂಲವಾಗಿಟ್ಟುಕೊಂಡು 6.7558ರಿಂದ ಭಾಗಿಸಿ, ಹಿಂದಿನ ಮಾದರಿಯಲ್ಲಿ ಆದ ಬದಲಾವಣೆಗೆ ಸರಿಹೊಂದಲೆಂದು 2ನ್ನು ಸೇರಿಸುತ್ತಾರೆ. 1978ರಿಂದ ಇದು ತಿಂಗಳಿಗೊಮ್ಮೆ ನಡೆಯುತ್ತಿದೆ.

ಈ ಸರಳತೆಯಲ್ಲಿಯೇ ಒಂದು ಬಿಕ್ಕಟ್ಟೂ ಅಡಗಿದೆ. ಒಂದು ಊರಿನಲ್ಲಿ 50 ಮನೆಗಳು ಏಳಿಗೆ ಹೊಂದಿ 50 ಮನೆಗಳು ಹಾಳಾದರೆ ಅಂಕಿ 100. ಪಕ್ಕದ ಊರಿನಲ್ಲಿ ನೂರು ಮನೆಗಳೂ ಇದ್ದಂತೆಯೇ ಇದ್ದರೆ ಅಲ್ಲಿಯೂ 100. ಎರಡು ಊರುಗಳೂ ಒಂದೇ ಎಂದು ಹೇಳುವ ಧೈರ್ಯ ಯಾರಿಗಿದೆ? ಇದಲ್ಲದೆ, ತಿಂಗಳಿಗೆ ನೂರು ರೂಪಾಯಿ ಕಡಮೆಯಾದವನ ‘ಹೀನ’ಕ್ಕೂ ಇದ್ದ ಕೆಲಸವನ್ನೇ ಕಳೆದುಕೊಂಡವನ ‘ಹೀನ’ಕ್ಕೂ ಇಲ್ಲಿ ತೂಕ ಒಂದೇ. ಈ ಅಂಕಿ ತಲೆಗಳನ್ನು ಎಣಿಸುತ್ತದೆ, ಕಷ್ಟವನ್ನು ತೂಗುವುದಿಲ್ಲ. ಪತ್ರಿಕೆಗಳಲ್ಲಿ "ಭರವಸೆ ಇಷ್ಟು ಅಂಶ ಕುಸಿಯಿತು" ಎಂದು ಓದುವಾಗ ಈ ಮಾತು ನೆನಪಿನಲ್ಲಿರಬೇಕು.

ಆಕ್ಷೇಪಗಳು ವಿದ್ವಾಂಸರಿಂದಲೂ ಬಂದವು. ಮುಂದೆ 1981ರಲ್ಲಿ ನೊಬೆಲ್ ಪುರಸ್ಕಾರವನ್ನು ಪಡೆದ ಜೇಮ್ಸ್ ಟೋಬಿನ್ 1959ರಲ್ಲಿ ಇವೇ ಸಮೀಕ್ಷೆಗಳನ್ನು ಪರೀಕ್ಷಿಸಿದರು. ಒಮ್ಮೆ ಕೇಳಿದ ಮನೆಗಳನ್ನೇ ಮರುವರ್ಷವೂ ಕೇಳಿದ್ದ ದಾಖಲೆಗಳು ಅವರಿಗೆ ದೊರೆತಿದ್ದವು. "ಕಾರು ಕೊಳ್ಳುತ್ತೇನೆ" ಎಂದವನು ಬಹುಮಟ್ಟಿಗೆ ಕೊಳ್ಳುತ್ತಾನೆ, ಆದರೆ "ಕಾಲ ಒಳ್ಳೆಯದಿದೆ" ಎಂದವನು ಅದರಿಂದಾಗಿ ಹೆಚ್ಚು ಕೊಳ್ಳುತ್ತಾನೆಂದು ಹೇಳಲು ಆಧಾರವು ದುರ್ಬಲವೆಂದು ಅವರು ಕಂಡರು. ಕಟೋನಾ ಪಕ್ಷದವರ ಸಮಾಧಾನವೇನೆಂದರೆ, ಒಬ್ಬೊಬ್ಬನ ಮನಸ್ಸು ಅವನವನ ಮನೆಯ ಕಾರಣಗಳಿಂದ ಅತ್ತಿತ್ತ ತೂಗಾಡುತ್ತದೆ. ಸಾವಿರಾರು ಮನಸ್ಸುಗಳು ಏಕಕಾಲದಲ್ಲಿ ಒಂದೇ ದಿಕ್ಕಿಗೆ ವಾಲಿದಾಗ ಮಾತ್ರ ಅದಕ್ಕೆ ಅರ್ಥ ಬರುತ್ತದೆ ಎಂಬುದು. ಎರಡು ಪಕ್ಷಗಳಲ್ಲಿಯೂ ಸತ್ಯದ ಅಂಶವಿದೆ. 2022ರ ಜೂನ್ ತಿಂಗಳಲ್ಲಿ ಅಮೆರಿಕದ ಸೂಚ್ಯಂಕವು 50.0ಕ್ಕೆ ಇಳಿಯಿತು. ಬ್ಯಾಂಕುಗಳೇ ಬಿದ್ದುಹೋದ 2008ರ ನವೆಂಬರಿನಲ್ಲಿಯೂ ಅದು 55.3ರಷ್ಟಿತ್ತು. 2022ರಲ್ಲಿ ನಿರುದ್ಯೋಗ ಶೇಕಡಾ 3.6 ಮಾತ್ರ, ಆದರೆ ಬೆಲೆಗಳು ವರ್ಷದಲ್ಲಿ ಶೇಕಡಾ 9.1ರಷ್ಟು ಏರಿದ್ದವು. ಜನರು ಬಹುವಾಗಿ ನೊಂದುಕೊಂಡು ಉತ್ತರಿಸಿದರು. ಖರ್ಚು ಮಾತ್ರ ಕುಸಿಯಲಿಲ್ಲ. ಚುನಾವಣೆಯಲ್ಲಿ ತಮ್ಮ ಪಕ್ಷ ಗೆದ್ದೊಡನೆ ಅಲ್ಲಿಯವರಿಗೆ ದೇಶದ ಭವಿಷ್ಯವು ಬೆಳಗಿ, ಸೋತವರಿಗೆ ಅದೇ ವಾರ ಕತ್ತಲು ಕವಿಯುವುದನ್ನೂ ಆ ಸಮೀಕ್ಷೆಯ ದಾಖಲೆಗಳೇ ಹೇಳುತ್ತವೆ. ಇದರಿಂದ ಸಮೀಕ್ಷೆ ನಿರರ್ಥಕವಾಗದು. ನೋವಿನ ಅಳತೆಯನ್ನು ಖರ್ಚಿನ ಮುನ್ಸೂಚನೆಯೆಂದು ಓದಿದರೆ ಮಾತ್ರ ತಪ್ಪಾಗುತ್ತದೆ.

ಭಾರತದಲ್ಲಿ ಈ ಕಾರ್ಯವನ್ನು ರಿಜರ್ವ್ ಬ್ಯಾಂಕು 2010ರಲ್ಲಿ ಕೈಗೊಂಡಿತು. ಮೊದಲು ಬೆಂಗಳೂರು, ಚೆನ್ನೈ, ದೆಹಲಿ, ಹೈದರಾಬಾದು, ಕೋಲ್ಕತ, ಮುಂಬಯಿ ಎಂಬ 6 ನಗರಗಳಲ್ಲಿ ನಡೆದು, ಮುಂದೆ 13ಕ್ಕೆ, ಅನಂತರ 19 ನಗರಗಳಿಗೆ ಹಬ್ಬಿತು. ಮನೆಗಳನ್ನು ಆರಿಸುವ ಕ್ರಮ ಸ್ವಾರಸ್ಯವಾಗಿದೆ. ನಗರದ ಮತಗಟ್ಟೆಗಳನ್ನು ಸಾಲಾಗಿ ಪಟ್ಟಿಮಾಡಿ, ಗೊತ್ತಾದ ಅಂತರದಲ್ಲಿ ಕೆಲವನ್ನು ಆರಿಸಿ, ಆ ಮತಗಟ್ಟೆಯ ಆವರಣದಲ್ಲಿ ಬಲಗೈ ಕಡೆಯನ್ನು ಹಿಡಿದು ನಡೆಯುತ್ತ ಮನೆಗಳನ್ನು ಕೇಳುತ್ತಾರೆ. ಒಳ್ಳೆಯ ಮನೆ, ನಗುಮುಖದ ಯಜಮಾನ ಎಂದು ಎಡಕ್ಕೆ ತಿರುಗುವ ಸ್ವಾತಂತ್ರ್ಯ ಕೇಳುವವನಿಗಿಲ್ಲ. ಸೌಟಿನಿಂದ ಕಲಕುವುದೆಂದರೆ ಇದೇ.

ದೇಶದ ಆರ್ಥಿಕ ಸ್ಥಿತಿ, ಉದ್ಯೋಗ, ಬೆಲೆ, ಆದಾಯ, ಖರ್ಚು ಎಂಬ ಐದು ವಿಷಯಗಳಲ್ಲಿ ಹೋದ ವರ್ಷಕ್ಕೆ ಹೋಲಿಸಿದ ಇಂದಿನ ಸ್ಥಿತಿಯನ್ನೂ ಮುಂದಿನ ವರ್ಷದ ನಿರೀಕ್ಷೆಯನ್ನೂ ಕೇಳಿ, ವರ್ತಮಾನಕ್ಕೊಂದು, ಭವಿಷ್ಯತ್ತಿಗೊಂದು, ಹೀಗೆ ಎರಡು ಸೂಚ್ಯಂಕಗಳನ್ನು ಬ್ಯಾಂಕು ಪ್ರಕಟಿಸುತ್ತದೆ. ನೂರಕ್ಕಿಂತ ಮೇಲಿದ್ದರೆ ಭರವಸೆ, ಕೆಳಗಿದ್ದರೆ ನಿರಾಶೆ. 2020ರ ಮೇ ತಿಂಗಳಲ್ಲಿ, ಕೊರೋನಾ ವ್ಯಾಧಿಯಿಂದ ಮನೆಬಾಗಿಲುಗಳು ಮುಚ್ಚಿದ್ದಾಗ, ದೂರವಾಣಿಯ ಮೂಲಕವೇ ಪ್ರಶ್ನೆಗಳನ್ನು ಕೇಳಲಾಯಿತು. ವರ್ತಮಾನದ ಅಂಕಿ 63.7ಕ್ಕೆ ಬಿದ್ದಿತು. 2021ರ ಮೇ ತಿಂಗಳಲ್ಲಿ, ಎರಡನೆಯ ಅಲೆಯ ನಡುವೆ, 48.5ಕ್ಕೆ ಇಳಿಯಿತು. ಅದೇ ತಿಂಗಳು ಭವಿಷ್ಯತ್ತಿನ ಅಂಕಿ 96.4ರಷ್ಟು ಉಳಿದಿತ್ತು. ಆಸ್ಪತ್ರೆಗಳ ಮುಂದೆ ಜನರು ಉಸಿರಿಗಾಗಿ ಸಾಲುಗಟ್ಟಿದ್ದ ದಿನಗಳಲ್ಲಿಯೂ ಬರುವ ವರ್ಷವನ್ನು ಅವರು ಅಷ್ಟಾಗಿ ಕೈಬಿಟ್ಟಿರಲಿಲ್ಲವೆಂದು ಅರ್ಥವೋ, ಇಂದಿನದಕ್ಕಿಂತ ಕೆಟ್ಟದ್ದು ಇರಲಾರದೆಂದು ಅರ್ಥವೋ, ಅಂಕಿಯಿಂದ ತಿಳಿಯುವಂತಿಲ್ಲ.

ಖರ್ಚಿನ ಪ್ರಶ್ನೆಯಲ್ಲಿ ಇನ್ನೊಂದು ತೊಡಕಿದೆ. ‘ಖರ್ಚು ಹೆಚ್ಚಿದೆ’ ಎಂಬ ಉತ್ತರವು ಲೆಕ್ಕದಲ್ಲಿ ಧನಪಕ್ಷಕ್ಕೆ ಸೇರುತ್ತದೆ. ಮದುವೆಗೆ ಒಡವೆ ಕೊಂಡವನ ಖರ್ಚೂ ಹೆಚ್ಚಿರುತ್ತದೆ. ತೊಗರಿಬೇಳೆಯ ಬೆಲೆ ಏರಿದುದರಿಂದ ಅಷ್ಟೇ ಬೇಳೆಗೆ ಹೆಚ್ಚು ಹಣ ತೆತ್ತ ವಿಧವೆಯ ಖರ್ಚೂ ಹೆಚ್ಚಿರುತ್ತದೆ. ಆಕೆಯ ದುಃಖವನ್ನು ಬೆಲೆಯ ಪ್ರಶ್ನೆಯು ಋಣಪಕ್ಷದಲ್ಲಿ ಹಿಡಿಯುತ್ತದೆ. ಖರ್ಚಿನ ಪ್ರಶ್ನೆಯು ಅದನ್ನೇ ಧನಪಕ್ಷದಲ್ಲಿ ಬರೆಯುತ್ತದೆ. ಅವಶ್ಯಕ ಖರ್ಚು, ಅನವಶ್ಯಕ ಖರ್ಚು ಎಂದು ಬ್ಯಾಂಕಿನವರು ಪ್ರತ್ಯೇಕವಾಗಿಯೂ ಕೇಳುವುದರಿಂದ ಓದುವವರು ಆ ವಿವರಗಳನ್ನು ನೋಡಬೇಕೇ ಹೊರತು ಒಟ್ಟು ಅಂಕಿಯೊಂದನ್ನೇ ಹಿಡಿಯಬಾರದು.

ಬಹುಕಾಲ ಈ ಸಮೀಕ್ಷೆ ನಗರಗಳದಾಗಿತ್ತು; ಈಚೆಗೆ ಗ್ರಾಮಾಂತರದ ಮನೆಗಳ ಸಮೀಕ್ಷೆಯ ಫಲಿತಾಂಶಗಳನ್ನೂ ಬ್ಯಾಂಕು ಪ್ರಕಟಿಸತೊಡಗಿದೆ. ಹಳ್ಳಿಯವನ ಖರ್ಚೆಲ್ಲ ಹೊಟ್ಟೆಗೇ ಸಲ್ಲುವುದರಿಂದ ಅವನ ಮನಸ್ಸನ್ನು ಅಳೆದು ಫಲವೇನು ಎಂಬ ವಾದವೊಂದಿತ್ತು. ಆ ವಾದ ಈಗ ಸಡಿಲವಾಗಿದೆ. ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 1999-2000ದಲ್ಲಿ ಗ್ರಾಮೀಣ ಕುಟುಂಬದ ವೆಚ್ಚದಲ್ಲಿ ಆಹಾರದ ಪಾಲು ಶೇಕಡಾ 59.4 ಇದ್ದುದು 2022-23ರಲ್ಲಿ ಶೇಕಡಾ 46.38ಕ್ಕೆ ಇಳಿಯಿತು. ಉಳಿದ ಅರ್ಧಕ್ಕಿಂತ ಹೆಚ್ಚಿನ ಭಾಗದಲ್ಲಿ ಮುಂದೂಡಲಾಗದ್ದು ಕೆಲವು, ಮುಂದೂಡಬಹುದಾದುದು ಹಲವು. ಕಟೋನಾ ಅಮೆರಿಕದ ಪಟ್ಟಣಿಗರನ್ನು ಕುರಿತು ಹೇಳಿದುದು ನಮ್ಮ ಹಳ್ಳಿಗೂ ಮೆಲ್ಲಗೆ ಅನ್ವಯವಾಗುತ್ತಿದೆ.

ಇಷ್ಟಾದ ಮೇಲೂ ಎಲ್ಲವೂ ಕೊನೆಗೆ ಬಂದು ನಿಲ್ಲುವುದು ಪ್ರಶ್ನೆಯ ಮಾತಿನಲ್ಲಿ. 1999-2000ದ ವೆಚ್ಚ ಸಮೀಕ್ಷೆಯೇ ಇದಕ್ಕೆ ಸಾಕ್ಷಿ. ಅದುವರೆಗೆ ಆಹಾರದ ಖರ್ಚನ್ನು ಕಳೆದ 30 ದಿನಗಳಿಗೆ ಕೇಳುತ್ತಿದ್ದರು. ಆ ವರ್ಷ 7 ದಿನಗಳಿಗೂ 30 ದಿನಗಳಿಗೂ ಅಕ್ಕಪಕ್ಕದ ಕಲಮುಗಳಲ್ಲಿ ಒಬ್ಬರನ್ನೇ ಕೇಳಿದರು. ವಾರದ ಲೆಕ್ಕವನ್ನು ಹೇಳಿದವರು ತಿಂಗಳ ಲೆಕ್ಕವನ್ನು ಅದಕ್ಕೆ ಹೊಂದಿಸಿ ಹೇಳಿರಬಹುದೆಂದು ವಿದ್ವಾಂಸರು ಶಂಕಿಸಿದರು. 1993-94ರಲ್ಲಿ ಶೇಕಡಾ 36ರಷ್ಟಿದ್ದ ಬಡತನವು ಶೇಕಡಾ 26.1ಕ್ಕೆ ಇಳಿಯಿತೆಂದು ಬಂದ ಅಂಕಿಯಲ್ಲಿ ನಿಜವಾಗಿ ಬಡತನದಿಂದ ಮೇಲೆದ್ದವರೆಷ್ಟು, ಕಲಮುಗಳ ಜೋಡಣೆಯಿಂದ ಕಾಗದದ ಮೇಲೆ ಎದ್ದವರೆಷ್ಟು ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. ತಿಂದ ಅಕ್ಕಿಯ ಲೆಕ್ಕದಲ್ಲಿಯೇ ಹೀಗಾದರೆ ಮನಸ್ಸಿನ ಲೆಕ್ಕದಲ್ಲಿ ಎಷ್ಟು ಎಚ್ಚರ ಬೇಕು!

ಕನ್ನಡದ ಮನೆಯೊಂದರ ಮುಂದೆ ನಿಂತು "ನಿಮ್ಮ ಪರಿಸ್ಥಿತಿ ಹೋದ ವರ್ಷಕ್ಕಿಂತ ಹೇಗಿದೆ?" ಎಂದು ಕೇಳಿದರೆ ಬರುವ ಉತ್ತರ ಬಹುಶಃ "ಪರವಾಗಿಲ್ಲ" ಎಂದು. ಫಾರಸಿಯಿಂದ ಬಂದ ‘ಪರವಾ’ ಎಂದರೆ ಚಿಂತೆ; ಚಿಂತೆಯಿಲ್ಲವೆಂದೇ ಪದದ ಅರ್ಥ. ಬಳಕೆಯಲ್ಲಾದರೋ ಅದು ‘ಚೆನ್ನಾಗಿದೆ’ ಎಂಬುದರಿಂದ ಹಿಡಿದು ‘ಹೇಳಿಕೊಳ್ಳಲಾರೆ’ ಎಂಬುದರವರೆಗೆ ಎಲ್ಲವನ್ನೂ ಮುಚ್ಚುತ್ತದೆ. ಧಾರವಾಡದ ಕಡೆಯ ರೈತನು "ಹೆಂಗೋ ನಡದೈತ್ರಿ" ಎನ್ನುತ್ತಾನೆ. ಏಳಿಗೆಯನ್ನು ಬಾಯಿಬಿಟ್ಟು ಹೇಳಿದರೆ ದೃಷ್ಟಿ ತಾಗೀತೆಂದು ಅಂಜುವ ಮನೆಗಳಿವೆ; ಕಷ್ಟವನ್ನು ಪರರ ಮುಂದೆ ಹೇಳುವುದು ಮಾನಕ್ಕೆ ಕುಂದೆಂದು ಮುಚ್ಚಿಡುವ ಮನೆಗಳಿವೆ. ಕೈಯಲ್ಲಿ ಕಾಗದ ಹಿಡಿದು ಬಂದವನು ಬಿ.ಪಿ.ಎಲ್. ಕಾರ್ಡನ್ನು ರದ್ದುಮಾಡಲು ಬಂದಿರಬಹುದೆಂದು ಶಂಕಿಸಿ ಇದ್ದ ಸುಖವನ್ನೂ ಅಲ್ಲಗಳೆಯುವವರಿದ್ದಾರೆ. ಮಾವನ ಉತ್ತರ ಒಂದಾದರೆ, ಒಲೆಯ ಮುಂದಿನ ಸೊಸೆಯ ಉತ್ತರ ಮತ್ತೊಂದಾಗಿರಬಹುದು. ಸಮೀಕ್ಷೆಯವನಿಗೆ ಮನೆಯಿಂದ ಒಂದೇ ಉತ್ತರ ಸಾಕು.

ಕಟೋನಾ ಇದನ್ನು ಬಲ್ಲವರಾಗಿದ್ದರು. ಉತ್ತಮ, ಹೀನ, ಇದ್ದಂತೆಯೇ ಎಂಬ ಮೂರು ಮನೆಗಳಲ್ಲಿ ಗುರುತು ಹಾಕುವುದಕ್ಕೆ ಅವರು ತೃಪ್ತರಾಗದೆ, "ಹಾಗೇಕೆ ಹೇಳುತ್ತೀರಿ?" ಎಂಬ ಮರುಪ್ರಶ್ನೆಯನ್ನು ಇರಿಸಿದರು, ಉತ್ತರವನ್ನು ಹೇಳಿದವರ ಮಾತಿನಲ್ಲಿಯೇ ಬರೆದುಕೊಳ್ಳುವ ಪದ್ಧತಿಯನ್ನು ಬೆಳೆಸಿದರು. ಎದುರು ಕುಳಿತು ಕೇಳುತ್ತಿದ್ದ ಕಾಲ ಹೋಗಿ ದೂರವಾಣಿ ಬಂದು, 2024ರಲ್ಲಿ ಮಿಶಿಗನ್ ಸಮೀಕ್ಷೆಯು ಅಂತರಜಾಲಕ್ಕೆ ಸಾಗಿತು. ಕೇಳುವ ಮುಖವೇ ಇಲ್ಲದಾಗ ಜನರು ಹೆಚ್ಚು ನಿಸ್ಸಂಕೋಚವಾಗಿ ಹೇಳುತ್ತಾರೆಂಬುದು ಒಂದು ಪಕ್ಷ; ಮಾತನ್ನು ಬಿಡಿಸಿ ಹೇಳಿಸುವವರಿಲ್ಲದೆ ಗುರುತು ಹಾಕಿ ಮುಗಿಸುತ್ತಾರೆಂಬುದು ಇನ್ನೊಂದು ಪಕ್ಷ.

ಪ್ರೌಢಶಾಲೆಯ ಅಧ್ಯಾಪಕರು ಇದನ್ನು ಪಾಠವಾಗಿ ಮಾಡಿಸಬಹುದು. ಮೂವತ್ತು ಮನೆಗಳು ಸಾಕು. ಮಠದ ಬೀದಿಯ ಪರಿಚಿತ ಮನೆಗಳನ್ನೇ ಆರಿಸದೆ, ಊರಿನ ಮನೆಗಳಿಗೆಲ್ಲ ಸಂಖ್ಯೆ ಹಾಕಿ ಚೀಟಿ ಎತ್ತಿಸಬೇಕು. ಅರ್ಧ ಮನೆಗಳಲ್ಲಿ ಮೊದಲು ಬೆಲೆಗಳನ್ನು ಕೇಳಿ ಆಮೇಲೆ ಸಂಸಾರದ ಸ್ಥಿತಿಯನ್ನು ಕೇಳಲಿ. ಉಳಿದರ್ಧದಲ್ಲಿ ಕ್ರಮವನ್ನು ತಿರುವುಮುರುವು ಮಾಡಲಿ. ಎರಡು ಗುಂಪಿನ ಅಂಕಿಗಳನ್ನು ಹಲಗೆಯ ಮೇಲೆ ಅಕ್ಕಪಕ್ಕ ಬರೆದರೆ ಪ್ರಶ್ನೆಯ ಸ್ಥಾನದಿಂದಲೇ ಉತ್ತರ ಬದಲಾಗುವುದೋ ಇಲ್ಲವೋ ಎಂಬುದು ಕಣ್ಣಿಗೆ ಕಾಣುತ್ತದೆ. ಮನೆಯವರು ಆಡಿದ ಮಾತನ್ನು ಆಡಿದಂತೆಯೇ ನೋಟುಪುಸ್ತಕದಲ್ಲಿ ಬರೆದುಕೊಂಡ ಮೇಲೆಯೇ ಗುರುತು ಹಾಕಲಿ. "ಪರವಾಗಿಲ್ಲ" ಎಂದವರನ್ನು ಯಾವ ಮನೆಗೆ ಸೇರಿಸಬೇಕೆಂಬುದನ್ನು, ಆ ಮಾತನ್ನು ಅವರು ಯಾವ ದನಿಯಲ್ಲಿ ಆಡಿದರೆಂಬುದನ್ನು ನೆನಪಿಗೆ ತಂದುಕೊಂಡು, ಕೇಳಿಬಂದ ಮಕ್ಕಳೇ ತಮ್ಮತಮ್ಮಲ್ಲಿ ವಾದಿಸಿ ನಿಶ್ಚಯಿಸಲಿ.